ಆಮೆನಮ್ಮನ ಸರದಿ

ಆ ದಿನವೂ ಊಟದ ಪ್ರಾರ್ಥನೆ ಉದ್ದವಾಯಿತು.

ಗಂಡ ಹೆಂಡತಿಯ ಇಸ್ತ್ರಿ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಎರಡು ಮೇಜು, ಇದ್ದಿಲು ತುಂಬುವ ಎರಡು ಇಸ್ತ್ರಿ ಪೆಟ್ಟಿಗೆ. ಕಿಟಕಿಯ ಕಡೆಯ ಮೇಜು ಗಂಡನದು, ಬಾಗಿಲ ಕಡೆಯದು ಅವಳದು. ಕೋಟು, ಪ್ಯಾಂಟು, ಪರದೆ ಅವನ ಪಾಲು. ಯೂನಿಫಾರ್ಮು, ದಿಂಬಿನ ಕವರು, ಮಕ್ಕಳ ಬಟ್ಟೆ ಅವಳ ಪಾಲು. ಪ್ರಾರ್ಥನೆಯೂ ಹೀಗೇ ಪಾಲಾಗಿತ್ತು. ಪ್ರಾರ್ಥನೆ ಅವನದು, ಆಮೆನ್ ಅವಳದು. ಮದುವೆಯಾದ ಹೊಸತರಲ್ಲಿ ಬಿದ್ದ ರೂಢಿ, ಕೊನೆಯವರೆಗೂ ಬದಲಾಗಲಿಲ್ಲ.

ಅವನು ಕಣ್ಣು ಮುಚ್ಚಿದನೆಂದರೆ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ದೇವರ ಮುಂದೆ ಹಾಜರಾಗಬೇಕು. ಹೆಸರು ಅವನಿಗೆ ನೆನಪಿರುತ್ತಿರಲಿಲ್ಲ, ಬಟ್ಟೆ ನೆನಪಿರುತ್ತಿತ್ತು. ಕಾಲರ್ ಸವೆದ ಮೇಷ್ಟ್ರನ್ನು ಕಾಪಾಡು, ಒಂದೇ ಕೋಟಿನ ಗುಮಾಸ್ತನಿಗೆ ಇನ್ನೊಂದು ಕೋಟು ಕೊಡು, ಗುಂಡಿ ಕಿತ್ತು ಬಾಯಿಗೆ ಹಾಕಿಕೊಳ್ಳುವ ಆ ಮಗುವಿನ ಗಂಟಲು ಕಾಯಿ. ಬಟ್ಟೆ ನೋಡಿ ಮನೆಯ ಸುದ್ದಿ ಹೇಳುವುದರಲ್ಲಿ ಗಂಡ ಹೆಂಡತಿ ಇಬ್ಬರದೂ ಎತ್ತಿದ ಕೈ. ಯಾರು ಬಸುರಿ, ಯಾರ ಕೆಲಸ ಹೋಯಿತು, ಯಾರ ಮನೆಗೆ ಅಳಿಯ ಬಂದು ಕೂತಿದ್ದಾನೆ, ಎಲ್ಲ ಗಂಟು ಬಿಚ್ಚಿದ ಕೂಡಲೇ ತಿಳಿಯುತ್ತಿತ್ತು. ತಿಳಿದದ್ದನ್ನು ಅವಳು ನಾದಿನಿಗೆ ಹೇಳುತ್ತಿದ್ದಳು. ಅವನು ದೇವರಿಗೆ ಹೇಳುತ್ತಿದ್ದ.

ಚರ್ಚಿನಲ್ಲೂ ಇದೇ ಕತೆ. ಅವನು ಪ್ರಾರ್ಥನೆಗೆ ಎದ್ದು ನಿಂತರೆ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಹೆಂಗಸರ ಕಡೆಯಿಂದ ಅವಳ ಆಮೆನ್ ಫಟ್ಟನೆ ಬಿದ್ದಾಗ ಇಡೀ ಸಭೆ ಉಸಿರು ಬಿಡುತ್ತಿತ್ತು. ಅದಕ್ಕೇ ಅವಳಿಗೆ ಆಮೆನಮ್ಮ ಎಂದು ಹೆಸರು ಬಿತ್ತು. ಅವಳಿಗೂ ಅದು ಇಷ್ಟವೇ ಆಗಿತ್ತು.

ಆ ಮಧ್ಯಾಹ್ನ ಅವನು ಗಿರಾಕಿಗಳನ್ನು ಮುಗಿಸಿದ, ಬೀದಿಯನ್ನು ಮುಗಿಸಿದ, ಕಾಲು ಮುರಿದುಕೊಂಡ ಎದುರು ಮನೆಯ ನಾಯಿಯನ್ನೂ ಮುಗಿಸಿದ. ತಟ್ಟೆಯಲ್ಲಿ ಊಟ ಆರುತ್ತಿತ್ತು. ಹೊರಗೆ ಕಲ್ಲಿನ ಮೇಲಿಟ್ಟ ಪೆಟ್ಟಿಗೆಗಳಲ್ಲಿ ಕೆಂಡ ಸುಮ್ಮನೆ ಉರಿದುಹೋಗುತ್ತಿತ್ತು. ಅಷ್ಟರಲ್ಲಿ ಅವನು, “ಮತ್ತೆ, ಕರ್ತನೇ,” ಎಂದು ಉಸಿರು ಎಳೆದುಕೊಂಡ. ಆ ‘ಮತ್ತೆ’ ಬಂತೆಂದರೆ ಇನ್ನೂ ಅರ್ಧ ಬಾಕಿ ಎಂದು ಅವಳಿಗೆ ಗೊತ್ತು.

“ಆಮೆನ್,” ಎಂದಳು.

ಅವನು ಒಂದೇ ಕಣ್ಣು ತೆರೆದು ನೋಡಿದ. “ಮುಗಿದಿರ್ಲಿಲ್ವಲ್ಲೇ.”

“ದೇವರಿಗೆ ಹಸಿವಿಲ್ಲ ರೀ. ನಂಗಿದೆ.”

“ಸರಿ ಬಿಡು. ಮಿಕ್ಕಿದ್ದು ಆಮೇಲೆ ಹೇಳ್ತೀನಿ,” ಎಂದು ನಕ್ಕು ತುತ್ತು ಎತ್ತಿದ.

ಆಮೇಲೆ ಯಾರದೋ ಮನೆಯ ಪರದೆಗಳ ರಾಶಿ ಬಂತು. ಸಂಜೆ ಅವನಿಗೆ ತಲೆ ಭಾರ ಎನ್ನಿಸಿತು, ಬೇಗ ಮಲಗಿದ. ಬೆಳಿಗ್ಗೆ ಏಳಲಿಲ್ಲ. ಅಷ್ಟೇ.

ಮಣ್ಣು ಮಾಡಿದ ಮೇಲೆ ಚರ್ಚಿನ ಹೆಂಗಸರು ಬಂದು ಅವನ ಬಟ್ಟೆಗಳನ್ನು ಮಡಿಸಿದರು. ಒಳ್ಳೆಯವರೇ. ಒಂದೊಂದು ಅಂಗಿ ಎತ್ತಿ ಹಿಡಿದು, ಇದು ಇರಲಾ, ಕೊಡಲಾ ಎಂದು ಕೇಳಿದರು. ಒಂದೊಂದು ಸಲ ಕೇಳಿದಾಗಲೂ ಕಾದ ಪೆಟ್ಟಿಗೆ ಚರ್ಮಕ್ಕೆ ತಾಗಿದಂತಾಯಿತು. ಕೊಡಿ, ಕೊಡಿ, ಎಲ್ಲ ಕೊಟ್ಟುಬಿಡಿ ಎಂದಳು. ಬಾಗಿಲ ಹಿಂದೆ ಇದ್ದ ಅವನ ರಬ್ಬರ್ ಬೂಟು ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಅಂಗಡಿ ನಡೆಯಿತು. ಕೈಗೆ ಕೆಲಸ ಗೊತ್ತಿತ್ತು, ಮಾಡಿತು. ಕಷ್ಟವಾದದ್ದು ಊಟದ ಹೊತ್ತು. ತಟ್ಟೆಯ ಮುಂದೆ ಕೂತು ಕಾಯುತ್ತಿದ್ದಳು. ಶುರು ಮಾಡುವವರು ಯಾರೂ ಇರಲಿಲ್ಲ. ಶುರುವಾಗದೇ ಇದ್ದದ್ದಕ್ಕೆ ಆಮೆನ್ ಹೇಳುವುದು ಹೇಗೆ? ಸುಮ್ಮನೆ ಉಣ್ಣುತ್ತಿದ್ದಳು. ಚರ್ಚಿಗೆ ಹೋಗುತ್ತಿದ್ದಳು, ಕೂರುತ್ತಿದ್ದಳು, ಬಾಯಿಗೆ ಬೀಗ. ದೇವರ ಮೇಲೆ ಕೋಪವೇನಮ್ಮ ಎಂದು ಪಾಸ್ಟರು ಮೆಲ್ಲಗೆ ಕೇಳಿದರು. ಕೋಪ ಇಲ್ಲ ಎಂದಳು. ಅದು ನಿಜ. ಮಾತು ಬಿಟ್ಟುಹೋಗಿತ್ತು, ಅಷ್ಟೇ. ಗಂಡ ಮಧ್ಯೆ ಕೂತು ಇಬ್ಬರನ್ನೂ ಮಾತಾಡಿಸುತ್ತಿದ್ದ. ಈಗ ಆ ಕಡೆ ದೇವರು, ಈ ಕಡೆ ಅವಳು, ಪರಿಚಯವಿಲ್ಲದ ಇಬ್ಬರು ಒಂದೇ ಬೆಂಚಿನಲ್ಲಿ ಕೂತ ಹಾಗೆ. “ನಿಮ್ಮ ಆಮೆನ್ ಇಲ್ಲದೆ ಎಲ್ಲಿ ನಿಲ್ಲಿಸಬೇಕು ಅಂತಾನೇ ಗೊತ್ತಾಗ್ತಿಲ್ಲಮ್ಮ,” ಎಂದು ಪಾಸ್ಟರು ತಮಾಷೆ ಮಾಡಿದರು. ಅವಳಿಗೆ ನಗು ಬರಲಿಲ್ಲ.

ಇನ್ನೊಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮತ್ತೆ, ಕರ್ತನೇ, ಎಂದಿದ್ದನಲ್ಲ. ಮತ್ತೆ ಏನು? ಯಾರಿಗಾಗಿ ಕೇಳುವವನಿದ್ದ?

ಹೀಗಿರುವಾಗ ದೂರದ ಒಂದು ಊರಿಗೆ ಹೊಳೆ ನುಗ್ಗಿತು. ಇಂಥದ್ದಾದಾಗಲೆಲ್ಲ ಚರ್ಚಿನಿಂದ ಒಂದು ತಂಡ ಸಲಿಕೆ, ಬಕೆಟ್ಟು ಹೊತ್ತು ಹೊರಡುತ್ತಿತ್ತು. ಹಿಂದೆಲ್ಲ ಅವಳ ಗಂಡ ತಪ್ಪದೇ ಹೋಗುತ್ತಿದ್ದ. ನಾದಿನಿ ಆ ತಂಡದ ಅಡುಗೆಯವಳು, ಅಣ್ಣನ ಹಾಗೇ ಬಾಯಿ ಜೋರು. ಬಂದವಳೇ ಬಾಗಿಲ ಹಿಂದೆ ಕಣ್ಣು ಹಾಯಿಸಿ, ಅಣ್ಣನ ಬೂಟು ಕೊಡಿ ಅತ್ತಿಗೆ, ಗಾರೆ ಮೇಸ್ತ್ರಿಗೆ ಬೂಟಿಲ್ಲ ಎಂದಳು.

“ಕೊಡಲ್ಲ.”

“ಪೂಜೆಗೆ ಇಟ್ಕೊಂಡಿದೀರಾ?”

“ಕೊಡಲ್ಲ ಅಂದ್ನಲ್ಲ.”

“ಹಾಗಾದ್ರೆ ಬೂಟಿನ ಜೊತೆ ನೀವೇ ಬನ್ನಿ. ಇಲ್ಲಿ ಕೂತು ಗೋಡೆ ನೋಡೋ ಬದಲು ಅಲ್ಲಿ ಗೋಡೆ ತೊಳೀರಿ.”

ಭಕ್ತಿಯಿಂದೇನೂ ಅವಳು ಹೊರಡಲಿಲ್ಲ. ಬೂಟು ಇನ್ನೊಬ್ಬರ ಕಾಲಿಗೆ ಹೋಗುವುದು ಬೇಡವಾಗಿತ್ತು. ತುದಿಗೆ ಚಿಂದಿ ತುರುಕಿ ತನ್ನ ಕಾಲಿಗೇ ಹಾಕಿಕೊಂಡಳು. ಚೀಲದಲ್ಲಿ ತನ್ನ ಇಸ್ತ್ರಿ ಪೆಟ್ಟಿಗೆಯನ್ನೂ ಇಟ್ಟುಕೊಂಡಳು. ಅದಿಲ್ಲದೆ ಅವಳು ಎಲ್ಲಿಗೂ ಹೋದವಳಲ್ಲ. ನೆರೆ ಬಂದ ಊರಿಗೆ ಇಸ್ತ್ರಿ ಪೆಟ್ಟಿಗೆ ಹೊತ್ತುಕೊಂಡು ಹೋಗುವವರು ಪ್ರಪಂಚದಲ್ಲೇ ನೀವೊಬ್ಬರು ಎಂದು ನಾದಿನಿ ದಾರಿಯುದ್ದಕ್ಕೂ ರೇಗಿಸಿದಳು.

ಆ ಊರಿನ ಶಾಲೆಯಲ್ಲಿ ಇಳಿದುಕೊಂಡರು. ತಂಡದ ಯಜಮಾನ ಗಾರೆ ಮೇಸ್ತ್ರಿಯೇ, ಕೊನೆಗೂ ಹಳೇ ಚಪ್ಪಲಿಯಲ್ಲೇ ಬಂದಿದ್ದ. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಎರಡು ಮಾತು ಹೇಳಿದ. ಒಂದು, ಮನೆಯವರನ್ನು ಕೇಳದೆ ಒಂದು ಚಮಚವೂ ಹೊರಗೆ ಹೋಗಕೂಡದು, ನಮ್ಮ ಕಣ್ಣಿಗೆ ಕಸ ಆದದ್ದು ಅವರಿಗೆ ಸಂಸಾರ. ಎರಡು, ಒಂದು ಮನೆಯ ಕೆಲಸ ಮುಗಿದ ಮೇಲೆ ತೊಳೆದ ಕೋಣೆಯಲ್ಲಿ ನಮ್ಮಲ್ಲಿ ಒಬ್ಬರು ನಿಂತು ಆ ಮನೆಗಾಗಿ ಪ್ರಾರ್ಥನೆ ಮಾಡಬೇಕು. ಸರದಿಯ ಮೇಲೆ, ಎಲ್ಲರೂ, ಬಾಯಿ ಬಿಟ್ಟು.

ಆ ಎರಡನೇ ಮಾತು ಕೇಳಿ ಅವಳು ಸಾಲಿನ ಕೊನೆಗೆ ಸರಿದು ನಿಂತಳು.

ಕೆಸರಿಗೆ ಅವಳು ಹೆದರಲಿಲ್ಲ. ನೆರೆಯ ಮಣ್ಣು ಗಂಜಿಯಂತೆ ಮೆತ್ತಿಕೊಂಡು, ಒಣಗಿದರೆ ಸಿಮೆಂಟಿನ ಹಾಗೆ ಕೂರುತ್ತಿತ್ತು. ಸಲಿಕೆಯಲ್ಲಿ ಎತ್ತಿ, ಬಕೆಟ್ಟಿಗೆ ಸುರಿದು, ಬೀದಿಗೆ ಸಾಗಿಸಿ, ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಉಜ್ಜಬೇಕು. ನಡು ಕಳಚಿಬಿದ್ದ ಹಾಗಾಗುತ್ತಿತ್ತು. ಅದು ಅವಳಿಗೆ ಹಿತವಾಗಿತ್ತು. ಸರದಿ ಬಂದಾಗ ಮಾತ್ರ ಮೇಸ್ತ್ರಿಯ ಹತ್ತಿರ ಹೋಗಿ, ನನ್ನ ಪಾಲಿಂದು ನೀನೇ ಮಾಡಿಬಿಡಪ್ಪ, ನಿನ್ನ ಸಲಿಕೆ ಕರಣೆ ಎಲ್ಲ ನಾನು ತೊಳೆದಿಡುತ್ತೇನೆ ಎಂದಳು. ಅವನು ಏನೂ ಕೇಳದೆ ಒಪ್ಪಿಕೊಂಡ. ಅವನ ಪ್ರಾರ್ಥನೆ ಇಟ್ಟಿಗೆ ಇಟ್ಟ ಹಾಗೆ. ಮೂರು ಮಾತು, ಸಾಲು ನೇರ, ಮುಗಿಯಿತು. ಮುಂದಿನ ಸರದಿಯಲ್ಲೂ ಹಾಗೇ ಆಯಿತು. ಆಮೇಲೆ ನಾದಿನಿಯ ಕಣ್ಣಿಗೆ ಬಿತ್ತು.

“ಅಷ್ಟು ವರ್ಷ ಅಣ್ಣನ ಜೊತೆ ಬಾಳಿ ಒಂದು ಪ್ರಾರ್ಥನೆ ಬರಲ್ವಾ ಅತ್ತಿಗೆ?”

“ಪ್ರಾರ್ಥನೆ ನಿಮ್ಮಣ್ಣಂದು ಕಣೇ. ನಂದು ಆಮೆನ್ ಮಾತ್ರ.”

“ಅದಾದ್ರೂ ಎಲ್ಲಿ ಹೇಳ್ತಿದೀರಾ?”

ಅವಳು ಸಲಿಕೆ ತೊಳೆಯುತ್ತಲೇ ಇದ್ದಳು.

ಒಂದು ಸಂಜೆ ಹಾಲು ಮಾರುವವಳ ಮನೆ ಮುಗಿಯಿತು. ಆಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಅತ್ತಿಂದಿತ್ತ ನಡೆದಳು. ನಡೆಯುವುದಕ್ಕೆ ನೆಲ ಇದೆ ಎಂಬುದನ್ನೇ ಪರೀಕ್ಷೆ ಮಾಡುವ ಹಾಗೆ ನಡೆದಳು. ಮೇಸ್ತ್ರಿ ತನ್ನ ಮೂರು ಮಾತು ಹೇಳಿದ. ಆಮೆನಮ್ಮನ ಬಾಯಿಂದ ಆಮೆನ್ ಜಾರಿತು. ಹಳೆಯ ಹಾಗೆ ಜೋರಾಗಿ ಅಲ್ಲ, ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದ ಹಾಗೆ. ಯಾರೂ ತಿರುಗಿ ನೋಡಲಿಲ್ಲ, ನೋಡಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ನಾದಿನಿ ಮಾತ್ರ ಸೌಟು ಹಿಡಿದ ಕೈಯಲ್ಲೇ ಮೂಗು ಒರೆಸಿಕೊಂಡಳು.

ಅದಾದ ಮೇಲೆ ಕಟಿಂಗ್ ಅಂಗಡಿಯ ಮುದುಕನ ಮನೆ ಬಂತು. ಮುಂದೆ ಅಂಗಡಿ, ಹಿಂದೆ ಮನೆ. ತಿರುಗುವ ಕುರ್ಚಿ ಸೀಟಿನವರೆಗೆ ಕೆಸರಲ್ಲಿ ಹೂತಿತ್ತು, ಕನ್ನಡಿಯ ಅರ್ಧಕ್ಕೆ ನೀರಿನ ಗೆರೆ. ಮುದುಕ ಆ ಕುರ್ಚಿಯ ಮೇಲೆಯೇ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಮೇಸ್ತ್ರಿ ತಾವು ಯಾರು, ಯಾಕೆ ಬಂದೆವು ಎಂದು ಹೇಳಿದ. ಮುದುಕ ಪೂರ್ತಿ ಕೇಳಿಸಿಕೊಂಡ.

“ನೀರು ಬಿಟ್ಟೋನೂ ಅವನೇ, ಸಲಿಕೆ ಕೊಟ್ಟು ಕಳಿಸಿದೋನೂ ಅವನೇನಾ? ಕೆಸರು ಎತ್ತೋದಾದ್ರೆ ಎತ್ತಿ. ಪ್ರಾರ್ಥನೆ ಗೀರ್ಥನೆ ಬೇಡ.”

ಮಿಕ್ಕವರ ಮುಖ ಸಣ್ಣದಾಯಿತು. ಆಮೆನಮ್ಮನಿಗೆ ಒಳಗೊಳಗೇ ಖುಷಿ. ಆ ಮನೆಯ ಸರದಿ ಅವಳದೇ ಆಗಿತ್ತು. ಮುದುಕನ ಮೇಲೆ ಆ ಗಳಿಗೆಯಿಂದಲೇ ಅವಳಿಗೆ ಅಕ್ಕರೆ ಹುಟ್ಟಿತು.

ಒಳಗೆ ಹೋದವಳು ರೂಢಿಯ ಪ್ರಕಾರ ಮನೆಯನ್ನು ಓದಿದಳು. ಶೆಲ್ಫಿನಲ್ಲಿ ಒಂದು ತಟ್ಟೆ, ಒಂದು ಲೋಟ. ಮಂಚದ ಮೇಲೆ ಒಂದೇ ದಿಂಬು. ಕನ್ನಡಿಯ ಹತ್ತಿರ ಹೆಂಗಸಿನ ಬಾಚಣಿಗೆ, ಅದರಲ್ಲಿ ಉದ್ದನೆಯ ಬಿಳಿ ಕೂದಲು. ಬೆಂಚಿನ ಕೆಳಗೆ ಕೆಸರು ತುಂಬಿದ ಟ್ರಂಕು, ಅದರಲ್ಲಿ ಹೆಂಗಸಿನ ಗೌನು, ಸ್ವೆಟರು, ಶಾಲು. ಮುದುಕ ಹೆಂಡತಿಯ ಮಾತೇ ಎತ್ತಲಿಲ್ಲ. ಟ್ರಂಕನ್ನು ಎಳೆದಾಗ ಮುಖ ಆ ಕಡೆ ತಿರುಗಿಸಿಕೊಂಡ. ಅವಳಿಗೆ ಅಷ್ಟು ಸಾಕಾಯಿತು. ಬಟ್ಟೆ ಯಾವತ್ತೂ ಅವಳಿಗೆ ಸುಳ್ಳು ಹೇಳಿರಲಿಲ್ಲ.

ಕೇಳಬೇಕೆಂಬ ನಿಯಮ ನೆನಪಿಗೆ ಬಂತು. ಇದು ಇರಲಾ, ಕೊಡಲಾ. ಆ ಸುಡುವ ಮಾತನ್ನು ಈ ಮುದುಕನಿಗೆ ಹೇಗೆ ಕೇಳುವುದು? ತನಗೆ ಯಾರಾದರೂ ಮಾಡಬೇಕಿದ್ದ ಉಪಕಾರವನ್ನು ಅವನಿಗೆ ಮಾಡಿದಳು. ಕೇಳಲಿಲ್ಲ. ಬಟ್ಟೆಗಳನ್ನೆಲ್ಲ ಕೆರೆಯಲ್ಲಿ ಜಾಲಿಸಿ, ಸೋಪು ಹಾಕಿ, ತಿಕ್ಕಿ, ಶಾಲೆಯ ಬೇಲಿಗೆ ಹರವಿದಳು. ಒಣಗಿದ ಮೇಲೆ ನಾದಿನಿಯ ಒಲೆಯಿಂದ ಕೆಂಡ ತಂದು ಪೆಟ್ಟಿಗೆಗೆ ತುಂಬಿದಳು. ಒಂದೊಂದನ್ನೂ ಮದುವೆಗೆ ಹೊರಟವಳ ಬಟ್ಟೆಯ ಹಾಗೆ ಇಸ್ತ್ರಿ ಮಾಡಿದಳು. ಗಂಡ ಹೋದ ಮೇಲೆ ಇಷ್ಟು ಮನಸ್ಸಿಟ್ಟು ಅವಳು ಏನನ್ನೂ ಮಾಡಿರಲಿಲ್ಲ. ಆಮೇಲೆ ಎಲ್ಲವನ್ನೂ ಶಾಲೆಯಲ್ಲಿ ಬಟ್ಟೆ ಹಂಚುವ ಮೇಜಿನ ಮೇಲಿಟ್ಟು, ತೀರಿಹೋದವರದು ಎಂದು ಹೇಳಿ ಬಂದಳು. ಸಂಜೆಯೊಳಗೆ ಮೇಜು ಖಾಲಿ.

ಮುದುಕನಿಗೆ ಅವಳು ಟೀ ತಂದುಕೊಟ್ಟಳು. ಮಾತಾಡದೆ ಪಕ್ಕದಲ್ಲಿ ಕೂತಳು. ಅವನು ಟೀ ಪೂರ್ತಿ ಕುಡಿದ. ಇವಳು ಪರವಾಗಿಲ್ಲ, ಉಪದೇಶ ಮಾಡಲ್ಲ ಎಂದು ಮೇಸ್ತ್ರಿಗೆ ಹೇಳಿದನಂತೆ.

ಮರುದಿನ ಕೊನೆಯ ಗೋಡೆ ಉಜ್ಜುತ್ತಿದ್ದಾಗ ಬೀದಿಯಲ್ಲಿ ಲಾರಿಯೊಂದು ನಿಂತಿತು. ದಪ್ಪನೆಯ ಒಬ್ಬ ಮುದುಕಿ ಹಿಂದಿನಿಂದ ಇಳಿದು, ಕೆಸರಲ್ಲಿ ಧಪಧಪ ಹೆಜ್ಜೆ ಹಾಕುತ್ತ ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು.

“ಏನ್ರೀ, ನೀರಿನ ಸಾಲಲ್ಲಿ ಯಾರೋ ನನ್ನ ಹೂವಿನ ಗೌನು ಹಾಕ್ಕೊಂಡು ನಿಂತಿದಾಳೆ. ಕೇಳಿದ್ರೆ ಸತ್ತೋದೋರ ಬಟ್ಟೆ ಅಂತೆ. ನಾನು ಯಾವಾಗ ಸತ್ತೆ?”

ಮುದುಕ ಕುರ್ಚಿಯಿಂದ ಏಳಲು ಹೋಗಿ ಮತ್ತೆ ಕೂತ. ವಿಷಯ ಇಷ್ಟೇ. ನೀರು ಏರುವಾಗ ದೋಣಿ ಬಂದಿತ್ತು. ಕುರ್ಚಿ ಬಿಟ್ಟು ಬರಲ್ಲ ಎಂದು ಇವನು ಹಟ ಹಿಡಿದು ಅಟ್ಟ ಹತ್ತಿದ. ಹಾಗಾದರೆ ಕುರ್ಚಿಯ ಜೊತೆಗೇ ಸಂಸಾರ ಮಾಡಿಕೊಳ್ಳಿ, ನೀವಾಗಿ ಬಂದು ಕರೆಯೋವರೆಗೂ ಹೊಸಿಲು ತುಳಿಯಲ್ಲ ಎಂದು ಅವಳು ಉಟ್ಟ ಬಟ್ಟೆಯಲ್ಲೇ ದೋಣಿ ಹತ್ತಿ, ಮೇಲಿನ ಊರಿನ ಮಗಳ ಮನೆ ಸೇರಿದಳು. ಇವನು ಕರೆಯಲು ಹೋಗಲಿಲ್ಲ. ಅದಕ್ಕೇ ಅವಳ ಮಾತು ಎತ್ತುತ್ತಿರಲಿಲ್ಲ. ಕೊನೆಗೆ ಅವಳಿಗೇ ತಡೆಯಲಾಗಲಿಲ್ಲ.

ಆಮೆನಮ್ಮನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಬ್ರಷ್ಷು ಬಕೆಟ್ಟಿಗೆ ಬಿತ್ತು. ಮೊದಲು ಅವಳಿಗೆ ಅನ್ನಿಸಿದ್ದು ಮೋಸ ಹೋದೆ ಎಂದು. ಅವನಿಗೆ ಹೆಂಡತಿ ಇದ್ದಾಳೆ. ಇಬ್ಬರದೂ ಒಂದೇ ನೋವು ಎಂದುಕೊಂಡು ಪಕ್ಕದಲ್ಲಿ ಕೂತಿದ್ದಳು. ಕೂತದ್ದು ಒಬ್ಬಳೇ.

ಆದರೂ ಮುಂದೆ ಹೋಗಿ ನಿಂತಳು. ಅದು ನನ್ನ ಕೆಲಸ, ಇವರ ತಪ್ಪಿಲ್ಲ, ಕೇಳದೆ ಕೊಟ್ಟೆ, ಒಂದೊಂದನ್ನೂ ಹುಡುಕಿ ವಾಪಸು ತರುತ್ತೇನೆ ಎಂದಳು.

ಮುದುಕಿ ಅವಳನ್ನು ಬೂಟಿನಿಂದ ತಲೆಯವರೆಗೆ ನೋಡಿದಳು. “ನಾನು ಸತ್ತೆ ಅಂತ ಯಾರು ಹೇಳಿದ್ದು ನಿಮಗೆ?”

“ಯಾರೂ ಹೇಳ್ಲಿಲ್ಲ. ಒಂದೇ ತಟ್ಟೆ ಇತ್ತು. ಒಂದೇ ದಿಂಬು.”

“ನನ್ನ ದಿಂಬು ನೀರಲ್ಲಿ ಹೋಯ್ತು, ತಟ್ಟೇನೂ ಹೋಯ್ತು. ಅಷ್ಟಕ್ಕೇ?” ಎಂದ ಮುದುಕಿ ತಡೆದಳು. ಆ ದೊಡ್ಡ ಬೂಟನ್ನು ಇನ್ನೊಂದು ಸಲ ನೋಡಿದಳು. ಧ್ವನಿ ಇಳಿಯಿತು. “ನಿಮ್ಮ ಮನೇಲಿ ಹಾಗಿದೆಯಾ?”

“ಹೂಂ.”

ಮುದುಕಿ ಬಕೆಟ್ಟಿನಿಂದ ಬ್ರಷ್ಷು ಎತ್ತಿ ಅವಳ ಕೈಗೆ ಕೊಟ್ಟಳು. ಆಮೇಲೆ ಮುದುಕನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ, ಹೊಟ್ಟೆ ಕುಣಿಯಿತು, ಹಳೆಯ ಕುರ್ಚಿ ಕಿರ್ರೆಂದಿತು. ನಗ್ತೀರಾ, ಹೆಂಡತಿ ಬಟ್ಟೆ ಊರಿಗೆಲ್ಲ ಹಂಚುವಾಗ ಕಣ್ಣು ಎಲ್ಲಿತ್ತು ಎಂದು ಮುದುಕಿ ಶುರು ಮಾಡಿದಳು. ಅವನು ಬೈಸಿಕೊಳ್ಳುತ್ತ, ಹಸಿದವನು ಊಟ ನೋಡುವ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ಆಮೆನಮ್ಮ ಅದನ್ನು ನೋಡಿದಳು. ಹೊಟ್ಟೆಕಿಚ್ಚು ಆಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನದ ಹೊತ್ತಿನ ತನ್ನ ಮನೆಯನ್ನೇ ಕಿಟಕಿಯ ಆಚೆಯಿಂದ ನೋಡಿದ ಹಾಗಾಯಿತು.

ಕೊಟ್ಟದ್ದು ಕೊಟ್ಟಾಯಿತು, ಹಾಕಿಕೊಂಡವರ ಮೈಯಿಂದ ಕೀಳುವುದು ಬೇಡ, ಕಂದು ಸ್ವೆಟರು ಮಾತ್ರ ಬೇಕು ಎಂದು ಮುದುಕಿ ತೀರ್ಮಾನ ಹೇಳಿದಳು. ಆಮೇಲೆ ತೊಳೆದ ನೆಲ ನೋಡಿದಳು, ಗೋಡೆಗೆ ಕೈಯಿಟ್ಟು ನೋಡಿದಳು.

“ಮನೆ ತೊಳೆದ ಮೇಲೆ ಇವರು ಪ್ರಾರ್ಥನೆ ಮಾಡ್ತಾರಂತಲ್ಲ. ನಮ್ಮನೆಗ್ಯಾಕಿಲ್ಲ?”

“ನಾನೇ ಬೇಡ ಅಂದೆ,” ಎಂದ ಮುದುಕ.

“ನಿಮ್ಮನ್ನ ಯಾರು ಕೇಳಿದ್ರು? ಇವರೇ ಮಾಡ್ಲಿ. ನನ್ನ ಸಾಯಿಸಿದೋರು ಇವರೇ ತಾನೇ.”

ಆಮೆನಮ್ಮ ಮೇಸ್ತ್ರಿಯ ಕಡೆ ನೋಡಿದಳು. ಅವನು ಸೂರು ನೋಡುತ್ತಿದ್ದ. ನಾದಿನಿ ಟೀ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಓಡಿಹೋಗಲು ಬೂಟು ದೊಡ್ಡದಾಗಿತ್ತು.

ಕಣ್ಣು ಮುಚ್ಚಿದಳು. ಕತ್ತಲು. ಪರಲೋಕದ ತಂದೆಯೇ ಎಂದು ಪಾಸ್ಟರ ಹಾಗೆ ಶುರು ಮಾಡಲು ನೋಡಿದಳು, ಅದು ಬೇರೆಯವರ ಅಂಗಿ ಹಾಕಿಕೊಂಡ ಹಾಗಿತ್ತು. ಹೊರಗೆ ಯಾರೋ ಕೆಸರು ಎತ್ತುವ ಸದ್ದು ಕೇಳುತ್ತಿತ್ತು. ಹೊಸದಾಗಿ ಶುರು ಮಾಡಲು ಅವಳಿಗೆ ಬರುತ್ತಿರಲಿಲ್ಲ. ಆದರೆ ಒಂದು ಮಾತು ಅರ್ಧಕ್ಕೆ ನಿಂತಿತ್ತು. ಅದು ಎಲ್ಲಿ ನಿಂತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಿಲ್ಲಿಸಿದವಳೇ ಅವಳು.

“ಮತ್ತೆ, ಕರ್ತನೇ,” ಎಂದಳು.

ಬಾಗಿಲಲ್ಲಿ ನಾದಿನಿ ಟೀ ಪಾತ್ರೆ ಕೆಳಗಿಟ್ಟಳು.

“ಮತ್ತೆ, ಕರ್ತನೇ, ಈ ಮನೆ. ಈ ಕುರ್ಚಿ ತಿರುಗೋ ಹಾಗೆ ಮಾಡು. ಇವರಿಬ್ಬರು ಜಗಳ ಆಡ್ಕೊಂಡು ಬಹಳ ದಿನ ಇರಲಿ. ಹೂವಿನ ಗೌನು ಹಾಕ್ಕೊಂಡಿರೋಳಿಗೆ ಅದು ಚೆನ್ನಾಗಿ ಬಾಳಿಕೆ ಬರಲಿ.”

ಅಲ್ಲಿಂದ ಮುಂದೆ ಅದು ತಾನೇ ನಡೆಯಿತು. ಹಾಲು ಮಾರುವವಳ ನೆಲ ಬಂತು, ಮೇಸ್ತ್ರಿಯ ಹರಿದ ಚಪ್ಪಲಿ ಬಂತು, ನಾದಿನಿಯ ಕಾಲು ನೋವು ಬಂತು. ಊರಲ್ಲಿ ಬಿಟ್ಟು ಬಂದ ಗಿರಾಕಿಗಳು ಬಂದರು, ಕಾಲರ್ ಸವೆದ ಮೇಷ್ಟ್ರು, ಒಂದೇ ಕೋಟಿನ ಗುಮಾಸ್ತ. ಇಷ್ಟು ದಿನ ಅವರನ್ನು ಯಾರೂ ದೇವರ ಮುಂದೆ ಕರೆದಿರಲಿಲ್ಲ ಎಂದು ಆಗ ಹೊಳೆಯಿತು. ಗಂಡ ಏನು ಕೇಳುವವನಿದ್ದ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದಳು. ಅವನು ಕೇಳುವುದು ಯಾವಾಗಲೂ ಇದನ್ನೇ ಅಲ್ಲವೇ? ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಮತ್ತೆ, ಕರ್ತನೇ, ನನ್ನ...” ಎಂದು ಉಸಿರು ಎಳೆದುಕೊಂಡಳು.

“ಆಮೆನ್,” ಎಂದ ಮುದುಕ. “ಟೀ ಆರಿಹೋಗ್ತಿದೆ ಕಣಮ್ಮ.”

ಅವಳು ಒಂದೇ ಕಣ್ಣು ತೆರೆದು ನೋಡಿದಳು. ಮುದುಕ ಪ್ರಾರ್ಥನೆ ಬೇಡ ಎಂದವನು, ತಲೆ ಬಗ್ಗಿಸಿ, ಬೋಳು ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಮುದುಕಿ ಅವನ ತೊಡೆಗೆ ತಿವಿದಳು. ಮಾತು ಅರ್ಧಕ್ಕೆ ತುಂಡಾದರೆ ನೋವಾಗುತ್ತದೆ ಎಂದು ಆಮೆನಮ್ಮ ತಿಳಿದಿದ್ದಳು. ಆಗಲಿಲ್ಲ. ನಗು ಬಂತು. ಗಂಡನಿಗೂ ಆ ಮಧ್ಯಾಹ್ನ ನಗುವೇ ಬಂದಿತ್ತಲ್ಲ.

“ಸರಿ ಬಿಡಿ,” ಎಂದಳು. “ಮಿಕ್ಕಿದ್ದು ಆಮೇಲೆ ಹೇಳ್ತೀನಿ.”

ಕಂದು ಸ್ವೆಟರು ಸಿಕ್ಕಿತು. ಹಾಕಿಕೊಂಡಿದ್ದವಳಿಗೆ ನಾದಿನಿ ತನ್ನದನ್ನು ಬಿಚ್ಚಿ ಕೊಟ್ಟಳು, ಆಮೇಲೆ ದಾರಿಯುದ್ದಕ್ಕೂ ಚಳಿ ಚಳಿ ಎಂದು ಅತ್ತಿಗೆಯನ್ನು ಬೈದಳು. ಬೂಟನ್ನು ಆಮೆನಮ್ಮ ವಾಪಸು ತರಲಿಲ್ಲ. ಚಿಂದಿ ತೆಗೆದು, ತೊಳೆದು, ಮೇಸ್ತ್ರಿಯ ಮುಂದೆ ಇಟ್ಟಳು. ಅವನಿಗೆ ಅದು ಸರಿಯಾಗಿ ಆಯಿತು.

ಈಗ ಅವಳು ಚರ್ಚಿನಲ್ಲಿ ಪ್ರಾರ್ಥನೆಗೆ ಎದ್ದರೆ ಹಿಂದಿನ ಬೆಂಚಿನವರು ಆಕಳಿಸುತ್ತಾರೆ. ಆಮೆನ್ ಹೇಳಿ ನಿಲ್ಲಿಸುವ ಕೆಲಸ ನಾದಿನಿಯದು. ಅವಳಿಗೆ ತಾಳ್ಮೆ ಕಡಿಮೆ, ಬೇಗ ಹೇಳುತ್ತಾಳೆ.

ಅಂಗಡಿಯಲ್ಲಿ ಎರಡೂ ಮೇಜು ಇವೆ. ಬೆಳಿಗ್ಗೆ ಎದ್ದು ಮೊದಲು ಗಂಡನ ಪೆಟ್ಟಿಗೆ ಎತ್ತಿಕೊಳ್ಳುತ್ತಾಳೆ, ಅದು ಭಾರದ್ದು, ಕೋಟಿಗೂ ಪ್ಯಾಂಟಿಗೂ ಅದೇ ಬೇಕು. ಹಿತ್ತಲಿಗೆ ಒಯ್ದು ನಿನ್ನೆಯ ಬೂದಿ ಕೊಡವುತ್ತಾಳೆ. ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಇದ್ದಿಲು ತುಂಬಿ, ಮೇಲೆ ಒಂದು ಕೆಂಡ ಇಡುತ್ತಾಳೆ. ಮುಚ್ಚಳ ಅರ್ಧ ತೆರೆದು ರಟ್ಟಿನಿಂದ ಬೀಸುತ್ತಾಳೆ. ಕೆಂಡ ಹಿಡಿಯಲು ಹೊತ್ತು ಬೇಕು. ಮೇಜಿನ ಮೇಲೆ ಗಂಟುಗಳು ಕಾಯುತ್ತಿರುತ್ತವೆ. ಬೀಸುತ್ತಲೇ, “ಮತ್ತೆ, ಕರ್ತನೇ,” ಎನ್ನುತ್ತಾಳೆ.